ಕೆಳಗಿನ ದಿಕ್ಕಿನ ಪಾಲು



ಇಂದಿನ ಚಿಂತನೆಗೆ ದೀಘನಿಕಾಯದ ಸಿಗಾಲೋವಾದ ಸುತ್ತ. ರಾಜಗೃಹದ ಬಳಿ ಸಿಗಾಲನೆಂಬ ಗೃಹಸ್ಥನ ಮಗ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ. ದಿಕ್ಕುಗಳೆಂದರೆ ನಮ್ಮ ಸುತ್ತಲಿನ ಮನುಷ್ಯರೇ ಎಂದು ಬುದ್ಧರು ಅವನಿಗೆ ತಿಳಿಸಿಕೊಟ್ಟರು. ಪೂರ್ವ ತಂದೆತಾಯಿ, ದಕ್ಷಿಣ ಗುರುಗಳು, ಹೀಗೆ. ಕೆಳಗಿನ ದಿಕ್ಕು ನಮಗಾಗಿ ದುಡಿಯುವವರು. ಅವರಿಗೆ ಸಲ್ಲಬೇಕಾದದ್ದು ಐದು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಹೊತ್ತಿಗೆ ಸರಿಯಾಗಿ ಬಿಡುವು. ನಾಲ್ಕನೆಯದನ್ನು ಗಮನಿಸಿ. ಪಾಲು ಇರುವುದು ವಿಶೇಷದಲ್ಲಿ, ಉಳಿದದ್ದರಲ್ಲಿ ಅಲ್ಲ.

ಬೇಸಿಗೆ ರಜೆಗೆ ಮೊಮ್ಮಕ್ಕಳೆಲ್ಲ ನಂತೂರಿನ ಅಮ್ಮನ ಮನೆಯಲ್ಲಿ ಸೇರುತ್ತಾರೆ. ಪಕ್ಕದ ಕದ್ರಿಯಲ್ಲಿ ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ, ಶಾಸನ ಆ ಜಾಗವನ್ನು ಕದಿರಿಕಾ ವಿಹಾರ ಎನ್ನುತ್ತದೆ ಎಂದು ನಾನು ಪ್ರತಿ ರಜೆಯಲ್ಲೂ ಹೇಳುತ್ತೇನೆ. ಅವರು ಕೇಳುವುದು ಪಟಾಕಿಯನ್ನು.

ಕಳೆದ ಭಾನುವಾರ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಕೋಳಿ ಸಾರು, ರೊಟ್ಟಿ, ಹಲಸಿನ ಹಣ್ಣಿನ ಗಟ್ಟಿ. (ಕೋಳಿ ಏಕೆ ಎಂದು ಕೇಳುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಆ ಚರ್ಚೆ ಇನ್ನೊಂದು ದಿನ.) ಊಟ ಇನ್ನೂ ಬಡಿಸಿರಲಿಲ್ಲ, ತಂಗಿಯ ಗಂಡ, "ಜಾಸ್ತಿಯೇ ಆಯ್ತು. ಉಳಿದರೆ ನಾಳೆ ಕಸದ ಗಾಡಿಯವರಿಗೆ ಕೊಟ್ಟರಾಯ್ತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು.

ಅಮ್ಮ ಸೌಟು ಕೆಳಗಿಟ್ಟರು. "ನಾನು ಏಳೆಂಟು ವರ್ಷದವಳಿದ್ದಾಗ ಧಣಿಗಳ ಮನೆಯ ಹಟ್ಟಿಯ ಹಿಂದೆ ಪಾತ್ರೆ ಹಿಡಿದು ಕೂತಿರುತ್ತಿದ್ದೆವು. ಅವರೆಲ್ಲರ ಊಟ ಮುಗಿದ ಮೇಲೆ ಅನ್ನ, ಸಾರು, ಪಾಯಸ ಎಲ್ಲ ಒಂದೇ ಪಾತ್ರೆಗೆ ಬೀಳುತ್ತಿತ್ತು. ಬರೀ ಪಾಯಸದ ರುಚಿ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ."

ಯಾರೂ ಮಾತಾಡಲಿಲ್ಲ.

ಎಸೆದ ತುತ್ತನ್ನು ತಿನ್ನುವುದಿಲ್ಲವೆಂದು ನಿರ್ಧರಿಸಿ ಎಂದು ಬಾಬಾಸಾಹೇಬರು 1927ರ ಮಾರ್ಚ್‌ನಲ್ಲಿ ಮಹಾಡಿನಲ್ಲಿ ಹೇಳಿದರು. ನಮ್ಮ ಜಿಲ್ಲೆಯಲ್ಲಿ ಕೊರಗ ಬಂಧುಗಳಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕಾಯ್ದೆ ಬರಬೇಕಾದದ್ದು 2000ದಲ್ಲಿ. ಪಡೆಯುವ ಕಡೆಯಿಂದ ಈ ಮಾತೆಲ್ಲ ನಮಗೆ ಬಾಯಿಪಾಠ. ಕೊಡುವ ಕಡೆ ನಿಂತಾಗ? ಈಗ ನಮಗೂ ಸಂಬಳವಿದೆ, ಅಂಗಳವಿದೆ, ನಮ್ಮ ಕಸ ಒಯ್ಯುವವರಿದ್ದಾರೆ. ನಮಗೂ ಒಂದು ಕೆಳಗಿನ ದಿಕ್ಕು ಹುಟ್ಟಿಕೊಂಡಿದೆ.

ಅಮ್ಮ ಗಟ್ಟಿಯ ಹಿಟ್ಟಿನಲ್ಲಿ ಒಂದು ಪಾಲನ್ನು ಬೇಯಿಸದೆ ತೆಗೆದು ಫ್ರಿಜ್ಜಿನಲ್ಲಿಟ್ಟರು. ಆಮೇಲೆ ಪಟಾಕಿಯ ಸರದಿ. ಹಲಸಿನ ಮರದಲ್ಲಿ ಕಾಗೆ ಮರಿ ಮಾಡಿದೆ, ಗರ್ನಾಲು ಬೇಡ, ನಕ್ಷತ್ರ ಕಡ್ಡಿ ಮತ್ತು ನೆಲಚಕ್ರ ಸಾಕು ಎಂದರು. ಪಂಚಶೀಲದ ಮೊದಲನೆಯದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ನನಗಂತೂ ಬರುವುದಿಲ್ಲ. ಇನ್ನೊಂದು ಷರತ್ತು: ಹಚ್ಚಿದವರೇ ಗುಡಿಸಬೇಕು, ಅದೂ ಆ ರಾತ್ರಿಯೇ.

"ಅದಕ್ಕೆ ಬೆಳಿಗ್ಗೆ ಗಾಡಿಯವರು ಬರ್ತಾರಲ್ಲ ಅಜ್ಜಿ?" ಅಣ್ಣನ ಮಗ ಕೇಳಿದ.

"ಅವರು ಬರುವುದು ಕಸ ಒಯ್ಯಲಿಕ್ಕೆ ಮಗಾ, ನಿನ್ನ ಆಟ ಗುಡಿಸಲಿಕ್ಕೆ ಅಲ್ಲ."

ಮುಖ ಊದಿಸಿಕೊಂಡೇ ಗುಡಿಸಿದ. ಕರಟಿದ ಕಡ್ಡಿಗಳನ್ನು ನೀರಿನ ಬಕೆಟ್ಟಿಗೆ ಹಾಕಿ, ಬೇರೆ ಚೀಲ ಕಟ್ಟಿದ.

ಸೋಮವಾರ ಅಮ್ಮ ಬೇಗ ಎದ್ದು ಆ ಹಿಟ್ಟನ್ನು ಬಾಳೆಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದರು. ಗಾಡಿ ಬಂದಾಗ ಮೊಮ್ಮಗನೇ ಗೇಟಿಗೆ ಹೋಗಿ, "ಅಕ್ಕಾ, ಒಳಗೆ ಬನ್ನಿ, ಗಟ್ಟಿ ಬಿಸಿ ಇದೆ" ಎಂದು ಕರೆದ. ಆಕೆ ಜಗಲಿಯವರೆಗೆ ಬಂದರು, ಕೂರಲಿಲ್ಲ. ಇನ್ನೂ ಎರಡು ಬೀದಿ ಬಾಕಿಯಿತ್ತು. ನಿಂತೇ ಒಂದು ತಿಂದು, ಎರಡನ್ನು ಮಕ್ಕಳಿಗೆ ಕಟ್ಟಿಸಿಕೊಂಡರು. "ಮಕ್ಕಳಿಗೆ ರಜೆಯಲ್ವಾ, ಕರ್ಕೊಂಡು ಬನ್ನಿ" ಎಂದರು ಅಮ್ಮ. "ಅವರಿಗುಂಟು, ನಮಗೆಲ್ಲಿ ರಜೆ ಅಮ್ಮಾ" ಎಂದು ನಗುತ್ತಾ ಗಾಡಿ ಹತ್ತಿದರು.

ಬಂಧುಗಳೇ, ಸುತ್ತದ ಐದನೆಯ ಮಾತು ಬಿಡುವಿನದು. ಅಮ್ಮನ ಅಡುಗೆಮನೆಗೆ ಅದು ನಿಲುಕುವುದಲ್ಲ. ಬರುವ ಭಾನುವಾರ ಅದನ್ನೇ ಓದೋಣ. ನಿಮ್ಮ ಬೀದಿಗೆ ಬರುವವರಿಗೆ ವಾರದ ರಜೆ ಸಿಗುತ್ತದೆಯೇ, ರಜೆ ಹಾಕಿದರೆ ಸಂಬಳ ಕಡಿಯುತ್ತಾರೆಯೇ ಎಂದು ಕೇಳಿಕೊಂಡು ಬನ್ನಿ.

ಜೈಭೀಮ್.