ಒಂದು ಗೇಣಿನ ಋಣ

ಒಂದು ಲೋಟ ನೀರಿನಲ್ಲಿ ಮಂಜುಗಡ್ಡೆಯ ತುಂಡೊಂದನ್ನು ತೇಲಬಿಡಿ. ಅದು ಪೂರ್ತಿ ಕರಗಿದ ಮೇಲೂ ನೀರಿನ ಮಟ್ಟ ಏರುವುದಿಲ್ಲ. ಇದನ್ನು ಕಂಡವರು, 'ಧ್ರುವದ ಹಿಮ ಕರಗಿದರೆ ಸಮುದ್ರಕ್ಕೇನು?' ಎಂದು ಕೇಳುವುದುಂಟು. ತೇಲುವ ಹಿಮದ ಮಟ್ಟಿಗೆ ಅವರ ಮಾತು ಬಹುತೇಕ ಸರಿಯೇ. ಆದರೆ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾಗಳ ಹಿಮರಾಶಿ ತೇಲುತ್ತಿಲ್ಲ, ನೆಲದ ಮೇಲೆ ಕುಳಿತಿದೆ. ಅದು ಸಮುದ್ರಕ್ಕೆ ಜಾರಿದರೆ ತುಂಬಿದ ಲೋಟಕ್ಕೆ ಹೊರಗಿನಿಂದ ತುಂಡು ಹಾಕಿದಂತೆ.

ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ಥ್ವೇಟ್ಸ್ ಎಂಬ ಹಿಮನದಿಯಿದೆ. ಅದರ ವಿಸ್ತಾರ ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟು. ಸಮುದ್ರವನ್ನು ಮುಟ್ಟುವಲ್ಲಿ ಅಗಲ ಸುಮಾರು 120 ಕಿಲೋಮೀಟರ್. ಅಲ್ಲಿಯ ಗಾಳಿ ವರ್ಷದ ಹೆಚ್ಚಿನ ಕಾಲ ಹಿಮಬಿಂದುವಿಗಿಂತ ತಂಪಾಗಿಯೇ ಇರುತ್ತದೆ. ಹಾಗಿದ್ದರೆ ಅದು ಕರಗುತ್ತಿರುವುದು ಹೇಗೆ? ಕೆಳಗಿನಿಂದ. ಸಮುದ್ರದ ಆಳದಲ್ಲಿರುವ, ಹಿಮಬಿಂದುವಿಗಿಂತ ಒಂದೆರಡು ಡಿಗ್ರಿಯಷ್ಟೇ ಬೆಚ್ಚಗಿನ ಉಪ್ಪುನೀರು ಹಿಮದ ಅಡಿಗೆ ನುಗ್ಗಿ ಅದನ್ನು ತಿನ್ನುತ್ತಿದೆ. ಹಿಮ ಕುಳಿತಿರುವ ತಳವು ಸಮುದ್ರ ಮಟ್ಟಕ್ಕಿಂತ ಕೆಳಗಿದ್ದು ಒಳಗೆ ಹೋದಂತೆಲ್ಲ ಇನ್ನೂ ಆಳವಾಗುತ್ತದೆ. ಆದ್ದರಿಂದ ಅಂಚು ಹಿಂದೆ ಸರಿದಷ್ಟೂ ನೀರಿಗೆ ದಾರಿ ಸುಲಭ. ಮುಂಭಾಗದಲ್ಲಿ ತೇಲುವ ಹಿಮದ ಚಾಚು ಹಿಂದಿನ ರಾಶಿಯನ್ನು ಅಗಣಿಯಂತೆ ತಡೆದು ನಿಲ್ಲಿಸಿದೆ. ಅಗಣಿ ಮುರಿದರೆ ಏನಾಗುತ್ತದೆಂಬುದನ್ನು 2002ರಲ್ಲಿ ಲಾರ್ಸೆನ್ ಬಿ ಎಂಬಲ್ಲಿ ಜಗತ್ತು ಕಂಡಿತು. ಅಲ್ಲಿ ಗಾಳಿಯ ಬಿಸಿಯೇ ಮುಖ್ಯ ಕಾರಣವಾಗಿತ್ತು. ಸುಮಾರು 3,250 ಚದರ ಕಿಲೋಮೀಟರ್ ಹಿಮ ಕೆಲವೇ ವಾರಗಳಲ್ಲಿ ಪುಡಿಯಾಯಿತು. ಹಿಂದಿದ್ದ ಹಿಮನದಿಗಳು ಹಲವು ಪಟ್ಟು ವೇಗವಾಗಿ ಸಮುದ್ರದತ್ತ ಹರಿದವು.

ಥ್ವೇಟ್ಸ್ ಪೂರ್ತಿ ಕರಗಿದರೆ ಜಗತ್ತಿನ ಸಮುದ್ರ ಸುಮಾರು 65 ಸೆಂಟಿಮೀಟರ್ ಏರೀತು. ಅದಕ್ಕೆ ಶತಮಾನಗಳೇ ಬೇಕಾಗಬಹುದು. ಹೀಗೆ ನಿಧಾನವಾಗಿ, ದೂರದಲ್ಲಿ, ಯಾರೂ ಕೈಯಾರೆ ಮಾಡದೆ ಆಗುವ ಹಾನಿಗೆ ಹೊಣೆ ಯಾರು? ನಾನು ನಿಮ್ಮ ಮುಂದಿಡಬಯಸುವ ಪ್ರಶ್ನೆ ಇದು.

ನೆರೆಯವನ ಹೊಲದ ಬದುವನ್ನು ರಾತ್ರೋರಾತ್ರಿ ಒಂದು ಗೇಣು ಸರಿಸಿದವನನ್ನು ನಾವು ಏನೆಂದು ಕರೆಯುತ್ತೇವೆ? ಗೇಣು ನೆಲದ ಅನ್ಯಾಯವೂ ಪರಲೋಕದಲ್ಲಿ ಕೊರಳಿಗೆ ಬೀಳುತ್ತದೆಂದು ಬಾಲ್ಯದಿಂದಲೇ ಕೇಳುತ್ತ ಬಂದವರು ನಾವು. 1901ರಿಂದ 2018ರವರೆಗೆ ಸಮುದ್ರ ಮಟ್ಟ ಏರಿದ್ದು ಸುಮಾರು 20 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಬಿಸಿಯಾಗಿ ಹಿಗ್ಗಿದ ನೀರು, ಪರ್ವತಗಳ ಹಿಮ, ಧ್ರುವದ ಹಿಮ ಎಲ್ಲವೂ ಅದರಲ್ಲಿ ಸೇರಿವೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ನಾವು ಭೂಮಿಗೆ ಹೊದಿಸಿದ ಕಂಬಳಿಯ ಹೆಚ್ಚುವರಿ ಬಿಸಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಸೇರಿರುವುದು ಸಮುದ್ರಕ್ಕೆ. ಥ್ವೇಟ್ಸ್‌ನ ಅಡಿಯ ಬೆಚ್ಚಗಿನ ನೀರು ಪೂರ್ತಿ ನಮ್ಮದೇ ಸೃಷ್ಟಿಯಲ್ಲ, ಅದು ಹಿಂದಿನಿಂದಲೂ ಆಳದಲ್ಲಿತ್ತು. ಅದನ್ನು ದಡದತ್ತ ತಳ್ಳುವ ಗಾಳಿಯ ಬದಲಾವಣೆಯಲ್ಲಿ ಪ್ರಕೃತಿಯ ಪಾಲೂ ಇದೆ. ಇದನ್ನು ಮುಚ್ಚಿಡಬಾರದು. ಆದರೆ ಬೀಳುತ್ತಿರುವ ಗೋಡೆಗೆ ಕೈಹಚ್ಚಿ ನೂಕಿದವನು 'ಅದು ಮೊದಲೇ ವಾಲಿತ್ತು' ಎಂದರೆ ನೀವು ಒಪ್ಪುತ್ತೀರಾ?

ಗೊತ್ತಿರಲಿಲ್ಲ ಎಂಬ ನೆಪವೂ ಉಳಿದಿಲ್ಲ. ಇಂಗಾಲದ ಹೊಗೆಯಿಂದ ಪಶ್ಚಿಮ ಅಂಟಾರ್ಕ್ಟಿಕಾಕ್ಕೆ ಅಪಾಯವಿದೆಯೆಂದು ಜಾನ್ ಮರ್ಸರ್ ಎಂಬ ವಿಜ್ಞಾನಿ 1978ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. 'ಯಾವಾಗ ಎಂದು ಖಚಿತವಿಲ್ಲವಲ್ಲ, ಕಾದು ನೋಡೋಣ' ಎನ್ನುವವರು ಈಗಲೂ ಇದ್ದಾರೆ. ಶಾಲೆಯ ಮುಂದೆ ವಾಹನದ ವೇಗ ತಗ್ಗಿಸುವಾಗ ಮಗು ಅಡ್ಡ ಬರುವುದು ಖಚಿತವೆಂದು ತಗ್ಗಿಸುತ್ತೇವೆಯೇ? ಖಚಿತವಿಲ್ಲವೆಂದೇ ತಗ್ಗಿಸುತ್ತೇವೆ.

ಇನ್ನು ಈ ಅನ್ಯಾಯದ ಹಂಚಿಕೆ ನೋಡಿ. ಅಗಾಧ ಹಿಮರಾಶಿ ತನ್ನ ತೂಕದಿಂದ ಸುತ್ತಲಿನ ಸಮುದ್ರವನ್ನು ತನ್ನತ್ತ ಸೆಳೆದುಕೊಂಡಿರುತ್ತದೆ. ಹಿಮ ಕರಗಿದಾಗ ಆ ಸೆಳೆತ ಕುಗ್ಗಿ ಹತ್ತಿರದ ನೀರು ಇಳಿಯುತ್ತದೆ, ದೂರದ ತೀರಗಳಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ಧ್ರುವದಲ್ಲಿ ಕರಗಿದ್ದರ ಭಾರ ಬೀಳುವುದು ಉಷ್ಣವಲಯದ ದ್ವೀಪಗಳ ಮೇಲೆ. ಮಾಲ್ದೀವ್ಸ್‌ನ ಸುಮಾರು ನೂರಕ್ಕೆ 80 ಭಾಗ ನೆಲ ಸಮುದ್ರ ಮಟ್ಟದಿಂದ ಒಂದು ಮೀಟರ್ ಎತ್ತರವೂ ಇಲ್ಲ. 1989ರ ನವೆಂಬರಿನಲ್ಲೇ ಪುಟ್ಟ ರಾಷ್ಟ್ರಗಳು ಮಾಲೆಯಲ್ಲಿ ಸೇರಿ ಜಗತ್ತನ್ನು ಎಚ್ಚರಿಸಿದ್ದವು. ಜಗತ್ತಿನ ಹೊಗೆಯಲ್ಲಿ ಆ ದ್ವೀಪದವರ ಪಾಲು ಲೆಕ್ಕಕ್ಕೂ ಸಿಗದಷ್ಟು ಸಣ್ಣದು. 'ಎಲ್ಲರೂ ಸಮಾನ ತಪ್ಪಿತಸ್ಥರು' ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಒಬ್ಬ ಅಮೆರಿಕನ್ನನ ಹೊಗೆ ಒಬ್ಬ ಭಾರತೀಯನದಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗೆಂದು ಪಕ್ಕದ ಬೀದಿಗೂ ವಾಹನವೇರಿ ಹೋಗುವ ನನ್ನ ಲೆಕ್ಕ ಸೊನ್ನೆಯಾಗುವುದಿಲ್ಲ.

ಮನುಷ್ಯನ ಹಕ್ಕನ್ನು ಕಸಿದವನು ಕ್ಷಮೆ ಕೇಳಬೇಕಾದದ್ದು ಹಕ್ಕು ಕಳೆದುಕೊಂಡವನಲ್ಲಿಯೇ. ಬರೀ ಪಶ್ಚಾತ್ತಾಪದಿಂದ ಆ ಋಣ ತೀರುವುದಿಲ್ಲವೆಂದು ನಾವು ನಂಬಿದ್ದೇವೆ. ಇಲ್ಲಿರುವ ಕಷ್ಟ ಇದೇ. ಹಕ್ಕು ಕಳೆದುಕೊಳ್ಳಲಿರುವವರಲ್ಲಿ ಹೆಚ್ಚಿನವರು ಇನ್ನೂ ಹುಟ್ಟಿಲ್ಲ. ಅವರ ಬಾಗಿಲಿಗೆ ಹೋಗಿ ಕೈಮುಗಿದು ಕೇಳೋಣವೆಂದರೆ ಬಾಗಿಲೇ ಇಲ್ಲ. ಸಮುದ್ರದ ಆಳ ಸೇರಿದ ಬಿಸಿಯನ್ನು ಹೊರತೆಗೆಯುವ ಉಪಾಯವೂ ಇಲ್ಲ. ಹೊಗೆ ಇಂದೇ ನಿಂತರೂ ನೀರು ಶತಮಾನಗಳ ಕಾಲ ಏರುತ್ತಲೇ ಇರುತ್ತದೆ.

ಆದರೂ ಎಷ್ಟು ಏರಬೇಕೆಂಬುದರಲ್ಲಿ ನಮ್ಮ ಕೈ ಇನ್ನೂ ಇದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿಯ ಪ್ರಕಾರ, ಹೊಗೆಯನ್ನು ಬೇಗನೆ ಬಹಳ ತಗ್ಗಿಸಿದರೆ 2100ರ ಹೊತ್ತಿಗೆ ಏರಿಕೆ 28ರಿಂದ 55 ಸೆಂಟಿಮೀಟರ್ ಆಗಬಹುದು. ಹೊಗೆ ಮಿತಿಯಿಲ್ಲದೆ ಹೆಚ್ಚುತ್ತ ಹೋದರೆ 63ರಿಂದ 101. ಮಾಲ್ದೀವ್ಸ್‌ನಲ್ಲಿ ಆ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಮನೆಗಳಿವೆ, ಸಿಹಿನೀರಿನ ಬಾವಿಗಳಿವೆ, ಗೋರಿಗಳಿವೆ.