ಮೊಣಕಾಲಿನ ನೋವೂ ತಿತಿಕ್ಷೆಯೂ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಪರ್ವತಿ ಬೆಟ್ಟವನ್ನು ಕಾಣದವರು ವಿರಳ. 103 ಮೆಟ್ಟಿಲುಗಳನ್ನೇರಿದರೆ ಶ್ರೀ ದೇವದೇವೇಶ್ವರನ ಸನ್ನಿಧಿ ದೊರೆಯುತ್ತದೆ. ಈ ದೇವಾಲಯವನ್ನು 1749ರಲ್ಲಿ ನಿರ್ಮಿಸಿದವನು ನಾನಾಸಾಹೇಬ ಪೇಶ್ವೆ. ಅವನ ತಾಯಿ ಕಾಶೀಬಾಯಿಗೆ ಬಹುಕಾಲದಿಂದ ಕಾಲಿನ ಬೇನೆ ಇತ್ತೆಂದೂ, ಆಕೆ ಈ ಬೆಟ್ಟದ ದೇವಿಗೆ ಹರಕೆ ಹೊತ್ತು ಗುಣ ಹೊಂದಿದಳೆಂದೂ, ಆ ಹರಕೆಯನ್ನು ಸಲ್ಲಿಸಲೆಂದೇ ಮಗನು ಗುಡಿಯನ್ನು ಕಟ್ಟಿಸಿದನೆಂದೂ ಪ್ರತೀತಿಯುಂಟು. ಕಾಲುನೋವಿನಿಂದ ಹುಟ್ಟಿದ ಗುಡಿಗೆ ಕಾಲು ಗಟ್ಟಿಯಿದ್ದವರಷ್ಟೇ ಹತ್ತಿ ಹೋಗಬೇಕಾದುದು ವಿಚಿತ್ರವೇ ಸರಿ. ನವರಾತ್ರಿಯಲ್ಲಿ ಚತುಃಶೃಂಗಿಯ ಜಾತ್ರೆಗೆ ಹೋದವರಿಗೂ ಇದು ಕಾಣುವ ದೃಶ್ಯ. ಮಕ್ಕಳು ಮೊಮ್ಮಕ್ಕಳು ಮೇಲೇರಿ ಹೋಗುತ್ತಾರೆ. ಮನೆಯ ಹಿರಿಯರು ಕೆಳಗೆ, ಹೂವಿನಂಗಡಿಯ ಪಕ್ಕದಲ್ಲಿ, ಚಪ್ಪಲಿಗಳನ್ನು ಕಾಯುತ್ತ ನಿಲ್ಲುತ್ತಾರೆ.

ಹೀಗೆ ಕೆಳಗೆ ನಿಲ್ಲುವವರಲ್ಲಿ ಈಗ ಅನೇಕರು ಮೊಣಕಾಲಿನ ಕೀಲು ಬದಲಿಸಿಕೊಂಡವರು. ಖಡಕಿಯ ಕಾರ್ಖಾನೆಗೋ ಪಿಂಪ್ರಿ-ಚಿಂಚವಾಡದ ಉದ್ಯಮಗಳಿಗೋ ಬ್ಯಾಂಕು ವಿಮಾ ಕಚೇರಿಗಳಿಗೋ ಧಾರವಾಡ, ವಿಜಾಪುರ, ಉಡುಪಿಗಳಿಂದ ಬಂದು, ನಿವೃತ್ತರಾಗಿ ಇಲ್ಲಿಯೇ ಉಳಿದವರ ತಲೆಮಾರು ಅದು. ಶಸ್ತ್ರಚಿಕಿತ್ಸೆಗೆ ಈ ನಗರದಲ್ಲಿ ಕೊರತೆಯಿಲ್ಲ. 2012ರಲ್ಲಿ ಪದ್ಮವಿಭೂಷಣ ಪಡೆದ ಡಾ. ಕೆ. ಎಚ್. ಸಂಚೇತಿಯವರು ಭಾರತೀಯರ ಕಾಲಿಗೆ ಹೊಂದುವ ‘ಇಂಡಸ್’ ಕೃತಕ ಮೊಣಕಾಲನ್ನು ರೂಪಿಸಿದ್ದು ಇಲ್ಲಿಯೇ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಈ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿದ ಮೇಲೆ ಮಧ್ಯಮವರ್ಗದ ಮನೆಗಳಿಗೂ ಚಿಕಿತ್ಸೆ ಇನ್ನಷ್ಟು ಎಟುಕಿತು. ಆದುದರಿಂದ ಇಲ್ಲಿ ವಿಚಾರಿಸಬೇಕಾದುದು ಶಸ್ತ್ರಚಿಕಿತ್ಸೆಯ ವಿಷಯವಲ್ಲ. ಅದು ಮುಗಿದು, ಹೊಲಿಗೆ ಬಿಚ್ಚಿ, ನೋಡಲು ಬಂದ ನೆಂಟರೆಲ್ಲ ಹಿಂದಿರುಗಿದ ಮೇಲೂ ಹೋಗದೆ ಉಳಿಯುವ ನೋವಿನ ವಿಷಯ.

ತೊಡೆಯೆಲುಬಿನ ಕೆಳತುದಿಯಲ್ಲಿ, ಕಣಕಾಲೆಲುಬಿನ ಮೇಲ್ತುದಿಯಲ್ಲಿ ಸವೆದ ಭಾಗವನ್ನು ತೆಗೆದು ಲೋಹದ ಹೊದಿಕೆಯನ್ನು ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಪದರವನ್ನು ಇಡುತ್ತಾರೆ. ಲೋಹಕ್ಕೆ ನೋವಿಲ್ಲ. ಆದರೆ ಅದರ ಸುತ್ತಲಿನ ಚರ್ಮ, ಸ್ನಾಯು, ನರಗಳೆಲ್ಲ ಹಳೆಯವೇ. ಅವು ತಮ್ಮ ವೇಗದಲ್ಲಿಯೇ ಮಾಯುತ್ತವೆ. ಊತವೂ ಬಿಸಿಯೂ ಮೂರರಿಂದ ಆರು ತಿಂಗಳು ಉಳಿಯುವುದುಂಟು. ಸುಧಾರಣೆಯು ಒಂದು ವರ್ಷದವರೆಗೂ ಮುಂದುವರಿಯುತ್ತದೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಎರಡು ಗಂಟೆಗೆ, ಮನೆಯವರೆಲ್ಲ ಮಲಗಿರುವಾಗ, ಯಾವ ಮಗ್ಗುಲಿಗೆ ಹೊರಳಿದರೂ ಹಿತವಿಲ್ಲದಿರುವಾಗ, ಮನಸ್ಸು ಕೆಟ್ಟ ಲೆಕ್ಕಗಳನ್ನು ಹಾಕತೊಡಗುತ್ತದೆ. ಅಟಲ ಬಿಹಾರಿ ವಾಜಪೇಯಿಯವರಿಗೆ ಮುಂಬಯಿಯಲ್ಲಿ 2000ದ ಅಕ್ಟೋಬರಿನಲ್ಲಿ ಎಡ ಮೊಣಕಾಲಿಗೂ 2001ರ ಜೂನಿನಲ್ಲಿ ಬಲ ಮೊಣಕಾಲಿಗೂ ಇದೇ ಚಿಕಿತ್ಸೆಯಾಯಿತು. ಎರಡನೆಯದು ನಡೆದು ಒಂದೂವರೆ ತಿಂಗಳು ತುಂಬುವ ಮುನ್ನವೇ ಅವರು ಆಗ್ರಾದಲ್ಲಿ ಪಾಕಿಸ್ತಾನದ ಅಧ್ಯಕ್ಷರೊಡನೆ ಮಾತುಕತೆಗೆ ಕುಳಿತರು. ಹಾಗಿರುವಾಗ ತನಗೇಕೆ ನಾಲ್ಕನೆಯ ತಿಂಗಳಲ್ಲೂ ಉರಿ? ಎಲ್ಲಿ ತಪ್ಪಿತು? ಈ ಹೋಲಿಕೆ ಅನೇಕರನ್ನು ನೋವಿಗಿಂತ ಹೆಚ್ಚಾಗಿ ಸುಡುತ್ತದೆ. ಪ್ರಧಾನಮಂತ್ರಿಯು ಕುಳಿತದ್ದನ್ನು ದೇಶ ಕಂಡಿತು. ಅವರ ರಾತ್ರಿಗಳನ್ನು ಕಂಡವರು ಯಾರು? ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಈ ಚಿಕಿತ್ಸೆ ಹೊಂದಿದ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷ ಕಳೆದರೂ ಒಂದಿಷ್ಟು ನೋವು ಉಳಿಯುತ್ತದೆಯೆಂದು ವೈದ್ಯಶಾಸ್ತ್ರವೇ ಒಪ್ಪುತ್ತದೆ. ಹಾಗೆ ಉಳಿಯುವುದು ರೋಗಿಯ ಅಪರಾಧವೇನೂ ಅಲ್ಲ.

ಆದರೆ ನಮ್ಮ ಮನೆಗಳಲ್ಲಿ ನೋವು ಬಂದೊಡನೆ ಧರ್ಮದ ಮಾತೂ ಬರುತ್ತದೆ. “ಸಹಿಸಿಕೊಳ್ಳಬೇಕು, ಅದೇ ತಪಸ್ಸು” ಎನ್ನುತ್ತಾರೆ. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಡಬ್ಬಿಯಲ್ಲಿಯೇ ಉಳಿಸಿ, ಹಲ್ಲು ಕಚ್ಚಿ ರಾತ್ರಿಯನ್ನು ಕಳೆದು, ಅದನ್ನೇ ಪುಣ್ಯವೆಂದು ಎಣಿಸುವ ತಾಯಂದಿರು ಎಷ್ಟೋ ಜನರಿದ್ದಾರೆ. ಮರುದಿನ ಕಾಲನ್ನು ಮಡಿಸಲಾಗದೆ ವ್ಯಾಯಾಮ ತಪ್ಪುತ್ತದೆ. ವ್ಯಾಯಾಮ ತಪ್ಪಿದರೆ ಕೀಲು ಬಿಗಿಯುತ್ತದೆ. ಬಿಗಿದ ಕೀಲು ಇನ್ನಷ್ಟು ನೋಯುತ್ತದೆ. ಇದಕ್ಕೆ ಶಾಸ್ತ್ರದ ಸಮ್ಮತಿ ಇದೆಯೇ ಎಂಬುದು ಪ್ರಶ್ನೆ.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಶೀತೋಷ್ಣ ಸುಖದುಃಖಗಳು ಬಂದು ಹೋಗತಕ್ಕವು, ಅವನ್ನು ಸಹಿಸಿಕೋ ಎಂದು ಅರ್ಜುನನಿಗೆ ಹೇಳಿದ್ದಾನೆ. ಈ ಸಹನೆಗೇ ತಿತಿಕ್ಷೆಯೆಂದು ಹೆಸರು. ಶ್ರೀ ಶಂಕರಾಚಾರ್ಯರ ಕೃತಿಯೆಂದು ಪ್ರಸಿದ್ಧವಾದ ವಿವೇಕಚೂಡಾಮಣಿಯು ತಿತಿಕ್ಷೆಯ ಲಕ್ಷಣವನ್ನು ಹೇಳುವಾಗ ಮೂರು ಸಂಗತಿಗಳನ್ನು ಕೂಡಿಸುತ್ತದೆ: ದುಃಖಕ್ಕೆ ಪ್ರತೀಕಾರವನ್ನು ಹುಡುಕದಿರುವುದು, ಚಿಂತಿಸದಿರುವುದು, ಗೋಳಾಡದಿರುವುದು. ಜನರು ಮೊದಲನೆಯದನ್ನು ಹಿಡಿದುಕೊಂಡು ಉಳಿದೆರಡನ್ನು ಮರೆಯುತ್ತಾರೆ. ಗುಳಿಗೆಯನ್ನು ನಿರಾಕರಿಸಿ ಬೆಳಗಿನವರೆಗೆ ಚಿಂತಿಸಿ ಗೋಳಾಡಿದವರು ಮೂರರಲ್ಲಿ ಎರಡನ್ನು ಕಳೆದುಕೊಂಡಂತಾಯಿತಲ್ಲವೇ? ಮೇಲಾಗಿ ಆ ಲಕ್ಷಣವು ಸರ್ವವನ್ನೂ ತೊರೆದು ಬ್ರಹ್ಮಜಿಜ್ಞಾಸೆಗೆ ಹೊರಟ ಸಾಧಕನಿಗಾಗಿ ಹೇಳಿದ್ದು. ಮುಂಜಾನೆ ಎದ್ದು ಹಾಲು ಕಾಯಿಸಬೇಕಾದ ಗೃಹಸ್ಥರಿಗಾಗಿ ಅಲ್ಲ. ಗೀತೆಯ ಅರ್ಜುನನಿಗಾದರೂ ಸಹಿಸಿಕೊಂಡು ಮಲಗೆಂದು ಉಪದೇಶವಾಗಲಿಲ್ಲ, ಏಳೆಂದು ಉಪದೇಶವಾಯಿತು.

ಈ ವಿಷಯದಲ್ಲಿ ಮಹಾಭಾರತದ ಒಂದು ಪ್ರಸಂಗವು ಎಲ್ಲ ಸಂದೇಹವನ್ನೂ ನಿವಾರಿಸುವಂತಿದೆ. ಭೀಷ್ಮಪಿತಾಮಹನು ಶರಶಯ್ಯೆಯಲ್ಲಿ ಮಲಗಿದಾಗ ದುರ್ಯೋಧನನು ಬಾಣಗಳನ್ನು ಕೀಳುವುದರಲ್ಲಿ ನಿಪುಣರಾದ ಶಸ್ತ್ರವೈದ್ಯರನ್ನು ಕರೆತಂದನು. ಭೀಷ್ಮನು ಅವರನ್ನು ಸತ್ಕರಿಸಿ ಹಿಂದಕ್ಕೆ ಕಳುಹಿಸಿದನು. ಸಹನೆಯನ್ನು ಹೊಗಳುವವರು ಇಷ್ಟನ್ನೇ ಹೇಳಿ ನಿಲ್ಲಿಸುವುದುಂಟು. ಆದರೆ ಭೀಷ್ಮನು ಆಗ ಉತ್ತರಾಯಣದಲ್ಲಿ ದೇಹ ಬಿಡಲು ನಿಶ್ಚಯಿಸಿದ್ದನು. ವೀರಶಯ್ಯೆಯಿಂದ ಏಳುವ ಇಚ್ಛೆಯೇ ಅವನಿಗಿರಲಿಲ್ಲ. ಕಥೆಯು ಅಲ್ಲಿಗೆ ಮುಗಿಯಲೂ ಇಲ್ಲ. ಯುದ್ಧ ಮುಗಿದ ಮೇಲೆ ಶ್ರೀಕೃಷ್ಣನು ಧರ್ಮರಾಯನನ್ನು ಕರೆದುಕೊಂಡು ಬಂದು, ಇವನಿಗೆ ಧರ್ಮವನ್ನು ಬೋಧಿಸು ಎಂದು ಕೇಳಿದನು. ಆಗ ಆ ಮಹಾವೀರನು, ಜಿತೇಂದ್ರಿಯನು, ಎಂಟು ವಸುಗಳಲ್ಲೊಬ್ಬನಾದವನು ಏನೆಂದನು? ಬಾಣಗಳ ಬೇನೆಯಿಂದ ಅಂಗಾಂಗಗಳು ಉರಿಯುತ್ತಿವೆ, ಬುದ್ಧಿ ತಿಳಿಯಾಗಿಲ್ಲ, ಮಾತು ಹೊರಡುತ್ತಿಲ್ಲ, ಬೋಧಿಸಲಾರೆ, ಕ್ಷಮಿಸು ಎಂದನು. ಶಾಂತಿಪರ್ವದ ಈ ಮಾತು ಎಷ್ಟು ನಿಷ್ಕಪಟವಾದುದು! ಶ್ರೀಕೃಷ್ಣನಾದರೂ, “ನೀನು ಭೀಷ್ಮ, ಸಹಿಸಿಕೋ” ಎನ್ನಲಿಲ್ಲ. ಗ್ಲಾನಿ, ಮೂರ್ಛೆ, ಉರಿ, ನೋವು, ಹಸಿವು, ಬಾಯಾರಿಕೆ ಯಾವುದೂ ನಿನ್ನನ್ನು ಬಾಧಿಸದಿರಲಿ ಎಂದು ವರವಿತ್ತನು. ಮರುದಿನ ಬೆಳಿಗ್ಗೆ ಬಂದವನು ಮೊದಲು ಕೇಳಿದ್ದು ರಾತ್ರಿ ಸುಖವಾಗಿ ಕಳೆಯಿತೇ ಎಂಬುದನ್ನು. ಬಳಿಕವೇ ರಾಜಧರ್ಮ, ಮೋಕ್ಷಧರ್ಮ, ದಾನಧರ್ಮಗಳ ಆ ಮಹಾಪ್ರವಾಹ ಹರಿಯಿತು. ಮನೆಮನೆಯಲ್ಲಿ ಪಠಿಸುವ ವಿಷ್ಣುಸಹಸ್ರನಾಮವು ಅನುಶಾಸನಪರ್ವದಲ್ಲಿ ಇದೇ ಭೀಷ್ಮನ ಮುಖದಿಂದ ಬಂದುದು. ಅಂದರೆ, ನೋವು ಶಮನವಾದ ಬಾಯಿಂದ ಬಂದುದು. ಬಾಣಗಳು ಮಾತ್ರ ದೇಹದಲ್ಲಿಯೇ ಇದ್ದವು ಎಂಬುದನ್ನೂ ಗಮನಿಸಬೇಕು.

ವೈದ್ಯರು ಹೇಳಿದ ಗುಳಿಗೆಯನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಪ್ರಮಾಣದಲ್ಲಿ ತೆಗೆದುಕೊಂಡು, ಹದಿನೈದಿಪ್ಪತ್ತು ನಿಮಿಷ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಟ್ಟು, ಕಾಲನ್ನು ಮಡಿಸಿ ನೀಡುವ ಕೆಲಸಕ್ಕೆ ಅಣಿಯಾಗುವವರು ತಿತಿಕ್ಷೆಗೆ ಎರವಾಗುವುದಿಲ್ಲ. ಪ್ರತೀಕಾರ ಮಾಡಿದ ಮೇಲೂ ಉಳಿಯುವ ನೋವೊಂದಿದೆಯಲ್ಲ, ತಿತಿಕ್ಷೆಗೆ ಅದೇ ಸಾಕಾದಷ್ಟು ಕ್ಷೇತ್ರ. (ಜ್ವರ, ಗಾಯದಿಂದ ಒಸರುವಿಕೆ, ಮೀನಖಂಡದಲ್ಲಿ ಹಠಾತ್ತನೆ ಊತ, ಉಸಿರು ಕಟ್ಟುವಿಕೆ, ಅಥವಾ ಕಡಿಮೆಯಾಗುತ್ತಿದ್ದ ನೋವು ಒಮ್ಮೆಲೇ ಏರುವುದು, ಇವು ಸಹಿಸತಕ್ಕವಲ್ಲ, ಕೂಡಲೇ ವೈದ್ಯರ ಬಳಿಗೆ ಹೋಗತಕ್ಕವು.) ಮತ್ತೆ ಕೆಲವರು ಇದಕ್ಕೆ ವಿರುದ್ಧವಾಗಿ, ಹಟದಿಂದ ಶಕ್ತಿಮೀರಿ ಕಾಲನ್ನು ದಂಡಿಸಿ ಊದಿಸಿಕೊಳ್ಳುತ್ತಾರೆ. ಕಾಳಿದಾಸನ ಕುಮಾರಸಂಭವದಲ್ಲಿ ಘೋರತಪಸ್ಸಿನಲ್ಲಿದ್ದ ಪಾರ್ವತೀದೇವಿಯನ್ನು ವಟುವೇಷದ ಶಿವನು ಕೇಳುವುದೇ ಇದನ್ನು: ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿರುವೆಯಷ್ಟೇ? ಧರ್ಮಕ್ಕೆ ಮೊದಲ ಸಾಧನವು ಶರೀರವೇ ಎಂಬ ಸುಪ್ರಸಿದ್ಧವಾದ ಮಾತು ಆ ಪ್ರಶ್ನೆಯ ಬೆನ್ನಿಗೇ ಬರುತ್ತದೆ.

ಇನ್ನು ಕರ್ಮದ ಮಾತು. “ಯಾವ ಜನ್ಮದ ಕರ್ಮವೋ” ಎಂದು ನೆರೆಯವರು ಅನುಕಂಪದಿಂದಲೇ ಹೇಳಿಹೋಗುತ್ತಾರೆ; ಕೇಳಿದವರ ಎದೆಯಲ್ಲಿ ಅದು ಮುಳ್ಳಾಗಿ ಉಳಿಯುತ್ತದೆ. ಮಾನವಿಯ ಶ್ರೀನಿವಾಸಾಚಾರ್ಯರ ಕಥೆಯನ್ನು ಹರಿದಾಸ ಸಂಪ್ರದಾಯದವರೆಲ್ಲರೂ ಬಲ್ಲರು. ಪಾಂಡಿತ್ಯದ ಗರ್ವದಿಂದ ವಿಜಯದಾಸರ ಆಮಂತ್ರಣವನ್ನು ತಿರಸ್ಕರಿಸಿ ಹೊಟ್ಟೆನೋವಿನ ನೆಪ ಹೇಳಿದರೆಂದೂ, ನೆಪವೇ ನಿಜವಾದ ಬೇನೆಯಾಗಿ ಕಾಡಿತೆಂದೂ ಕಥೆ. ಈ ಅರ್ಧವನ್ನು ಹೇಳಿ ರೋಗಿಯನ್ನು ಹೆದರಿಸುವುದು ಸುಲಭ. ಆದರೆ ದಾಸರು ಆ ಕಥೆಯನ್ನು ಕಾಪಾಡಿಕೊಂಡು ಬಂದುದು ಉತ್ತರಾರ್ಧಕ್ಕಾಗಿ. ಗುರುಗಳ ಆಜ್ಞೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದಿಂದಲೇ ನಲವತ್ತು ವರ್ಷಗಳನ್ನು ಆತನಿಗೆ ಧಾರೆಯೆರೆದರು. ಆತನೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರು. ಬೇನೆಗೆ ಕಾರಣವೇನೇ ಇರಲಿ, ಅದನ್ನು ಕಂಡ ಹಿರಿಯರು ಕರ್ಮದ ಲೆಕ್ಕ ಹೇಳುತ್ತ ನಿಲ್ಲಲಿಲ್ಲ, ತಮ್ಮಲ್ಲಿದ್ದುದನ್ನು ಕೊಟ್ಟರು. ನಮ್ಮ ಮನೆಗಳಲ್ಲಿ ಆಯುಷ್ಯವನ್ನೇನೂ ಯಾರೂ ಕೇಳುತ್ತಿಲ್ಲ. ಸಂಜೆ ಅರ್ಧ ಗಂಟೆ ಪಕ್ಕದಲ್ಲಿ ನಡೆದುಬರುವವರು ಬೇಕಾಗಿದ್ದಾರೆ, ಅಷ್ಟೇ.

ನೋವಿಗಿಂತಲೂ ಆಸ್ತಿಕರನ್ನು ಹೆಚ್ಚು ಬಾಧಿಸುವ ಇನ್ನೊಂದು ಸಂಗತಿಯಿದೆ. ಮಣೆಯ ಮೇಲೆ ಕುಳಿತು ಪೂಜೆ ಮಾಡಲಾಗದು. ಸಾಷ್ಟಾಂಗ ನಮಸ್ಕಾರ ಸಾಧ್ಯವಿಲ್ಲ. ದೇವರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರೆ ಅಪಚಾರವೆಂದು ಮನಸ್ಸು ಚುಚ್ಚುತ್ತದೆ. ಬಸವಣ್ಣನವರು ದೇಹವನ್ನೇ ದೇವಾಲಯವೆಂದೂ ಕಾಲುಗಳನ್ನು ಅದರ ಕಂಬಗಳೆಂದೂ ಕಂಡವರು. ಆ ದೃಷ್ಟಿಯಿಂದ ನೋಡಿದರೆ ಇದು ಕಂಬ ಸವೆದು ಜೀರ್ಣೋದ್ಧಾರಕ್ಕೆ ಬಂದ ಗುಡಿ. ಜೀರ್ಣೋದ್ಧಾರದ ಕಾಲದಲ್ಲಿ ಪೂಜೆ ನಿಲ್ಲುವುದೇ? ಇಲ್ಲ. ಆಗಮಗಳಲ್ಲಿ ಬಾಲಾಲಯವೆಂಬ ವಿಧಿಯುಂಟು: ಗರ್ಭಗುಡಿಯ ಕೆಲಸ ನಡೆಯುತ್ತಿರುವಷ್ಟು ಕಾಲ ದೇವರ ಸಾನ್ನಿಧ್ಯವನ್ನು ಒಂದು ಚಿಕ್ಕ ಮಂಟಪಕ್ಕೆ ಬರಮಾಡಿಕೊಂಡು ಅಲ್ಲಿಯೇ ನಿತ್ಯಪೂಜೆಯನ್ನು ನಡೆಸುತ್ತಾರೆ. ಕಿಟಕಿಯ ಬಳಿಯ ಆ ಕುರ್ಚಿ ಬಾಲಾಲಯವೆಂದು ತಿಳಿದರೆ ಸಂಕೋಚವೇಕೆ? ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರಿಗೆ ನೆಲವೇ ಬೇಕೆಂದಿಲ್ಲ, ಮಾನಸಪೂಜೆಗೂ ಹಾಗೆಯೇ.

ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳು 16ನೆಯ ಶತಮಾನದ ಕೊನೆಯಲ್ಲಿ ವಾತರೋಗದಿಂದ ನರಳುತ್ತ ಗುರುವಾಯೂರಿನ ಸನ್ನಿಧಿಯಲ್ಲಿ ನಾರಾಯಣೀಯವನ್ನು ರಚಿಸಿದುದನ್ನೂ ಇಲ್ಲಿ ನೆನೆಯಬಹುದು. ದಿನಕ್ಕೊಂದು ದಶಕದಂತೆ ನೂರು ದಿನಗಳಲ್ಲಿ ನೂರು ದಶಕಗಳಾದವು. ಮತ್ತೆ ಮತ್ತೆ ದಶಕದ ತುದಿಯಲ್ಲಿ, ತನ್ನ ಬೇನೆಯನ್ನು ಕಳೆ ಎಂಬ ಬೇಡಿಕೆ. ಇಷ್ಟು ದೊಡ್ಡ ಪಂಡಿತನು ಇಷ್ಟು ಸಲ ಕೇಳಬಹುದೇ ಎಂದು ಅವರು ನಾಚಲಿಲ್ಲ. ಮೊಣಕಾಲಿನ ವ್ಯಾಯಾಮವನ್ನು ಕಲಿಸಲು ಬರುವವರು ಇಂದು ಇಷ್ಟು ಡಿಗ್ರಿ, ನಾಳೆ ಅಷ್ಟು ಡಿಗ್ರಿ ಎಂದು ಅಳೆಯುತ್ತಾರೆ. ಕೆಲವು ವಾರ ತೊಂಬತ್ತರಲ್ಲಿಯೇ ನಿಂತುಬಿಡುವುದೂ ಉಂಟು. ಆ ವಾರಗಳೂ ನೂರರ ಲೆಕ್ಕದೊಳಗಿನವೇ.

ವಿಜಯದಶಮಿಯಂದು ಮಹಾರಾಷ್ಟ್ರದಲ್ಲಿ ಸೀಮೋಲ್ಲಂಘನ ಮಾಡಿ ಆಪ್ಟಾ ಎಲೆಗಳನ್ನು ಬಂಗಾರವೆಂದು ಹಂಚುತ್ತಾರೆ; ನಮ್ಮ ಉತ್ತರ ಕರ್ನಾಟಕದಲ್ಲಿ ಬನ್ನಿ. ಈ ವರ್ಷ ಕೆಲವರ ಸೀಮೆಯು ಮನೆಯ ಹೊಸ್ತಿಲೇ ಆಗಿರಬಹುದು. ವಾಕರ್ ಹಿಡಿದು ಅದನ್ನು ದಾಟಿದರೂ ದಾಟಿದಂತೆಯೇ. ದಾಟಲಾಗದವರ ಮನೆಗೆ ಕಿರಿಯರು ತಾವೇ ಹೋಗಿ ಬನ್ನಿ ಕೊಟ್ಟು ಬರತಕ್ಕದ್ದು. ಫೋನಿನಲ್ಲಿ ಶುಭಾಶಯದ ಚಿತ್ರ ಕಳುಹಿಸಿ ಕೈತೊಳೆದುಕೊಳ್ಳುವುದು ಈಗಿನ ರೂಢಿ. ಕುರ್ಚಿಯಲ್ಲಿ ಕುಳಿತವರಿಗೆ ಆ ಚಿತ್ರವು ಎಷ್ಟು ಹೊತ್ತಿನ ಸಂಗಾತಿಯಾದೀತು?

ಜ್ಯೇಷ್ಠದಲ್ಲಿ ಆಳಂದಿ ದೇಹೂಗಳಿಂದ ಹೊರಟ ಪಾಲಖಿಗಳು ಪುಣೆಯಲ್ಲಿ ತಂಗಿ ಪಂಢರಪುರಕ್ಕೆ ಸಾಗುತ್ತವೆ. ಶ್ರೀ ಜ್ಞಾನೇಶ್ವರರು ಕರ್ನಾಟಕದವನೆಂದು ಕರೆದ ಆ ವಿಠ್ಠಲನು ಏಕೆ ಇಟ್ಟಿಗೆಯ ಮೇಲೆ ನಿಂತಿದ್ದಾನೆ ಎಂಬುದು ಇಲ್ಲಿಯ ಮಕ್ಕಳಿಗೂ ತಿಳಿದ ಕಥೆ. ಭಗವಂತನೇ ಬಾಗಿಲಿಗೆ ಬಂದಾಗ ಪುಂಡಲೀಕನು ಮುದಿ ತಂದೆತಾಯಿಗಳ ಕಾಲು ಒತ್ತುತ್ತ ಕುಳಿತಿದ್ದನು. ಅವನು ಏಳಲಿಲ್ಲ. ನಿಲ್ಲಲು ಒಂದು ಇಟ್ಟಿಗೆಯನ್ನು ಹಿಂದಕ್ಕೆಸೆದು, ಈ ಸೇವೆ ಮುಗಿಯುವವರೆಗೆ ಕಾದಿರು ಎಂದನು. ಸ್ವಾಮಿಯು ಕೋಪಿಸಿಕೊಳ್ಳಲಿಲ್ಲ, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಲ್ಲಿಯೇ ನಿಂತನು.