ಇಂದಿನ ಧಮ್ಮ ಚಿಂತನೆ: ಯಾರ ಪಾಪ?

 

2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾಯಿತು. ಮಾರನೆಯ ದಿನ, ಹೆಣಗಳು ಇನ್ನೂ ಕಲ್ಲುಮಣ್ಣಿನಡಿ ಇರುವಾಗಲೇ, ಅಮೆರಿಕದ ಟಿವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ ಕಾರಣ ಹೇಳಿದರು. ಫ್ರೆಂಚರಿಂದ ಬಿಡುಗಡೆ ಪಡೆಯಲು ಆ ಜನರ ಪೂರ್ವಿಕರು ಸೈತಾನನೊಡನೆ ಒಪ್ಪಂದ ಮಾಡಿಕೊಂಡಿದ್ದರಂತೆ! ಕರಿಯ ಗುಲಾಮರು ಬಂಡೆದ್ದು 1804ರಲ್ಲಿ ಸ್ವತಂತ್ರಗೊಳಿಸಿದ ನಾಡು ಅದು. ಬಿಡುಗಡೆಯೇ ಅವರ ಪಾಪವಾಯಿತು.

ನನಗೆ ಇದು ಪರಿಚಿತ ದನಿ. ನಮ್ಮ ಕೇರಿಯ ಹಿರಿಯರಿಗೂ ‘ಹಿಂದಿನ ಜನ್ಮದ ಕರ್ಮ’ ಎಂದೇ ಹೇಳುತ್ತಿದ್ದರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಆ ಸಿದ್ಧಾಂತವನ್ನು ಒಪ್ಪಲೇ ಇಲ್ಲ.

ಆದರೆ ಯೇಸುವಿನ ಮಾತು ಬೇರೆ. ಹುಟ್ಟುಕುರುಡನನ್ನು ಕಂಡು ‘ಯಾರ ಪಾಪ?’ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಕಣ್ಣಿಗೆ ಮಣ್ಣು ಹಚ್ಚಿ ದೃಷ್ಟಿ ಕೊಟ್ಟರೆಂದು ಸುವಾರ್ತೆ ಹೇಳುತ್ತದೆ. ಹೈಟಿಗೆ ಔಷಧಿ ಹೊತ್ತು ಹೋದವರಲ್ಲೂ ಕ್ರೈಸ್ತರು ಬಹಳ. ರಾಬರ್ಟ್‌ಸನ್ನರ ಸಂಸ್ಥೆಯೂ ನೆರವು ಕಳಿಸಿತು, ಅದನ್ನೂ ಹೇಳಬೇಕು.

ನಮ್ಮ ವಿನಯಪಿಟಕದಲ್ಲೂ ಒಬ್ಬ ಭಿಕ್ಖು ಇದ್ದಾನೆ, ಭೇದಿಯಾಗಿ ತನ್ನ ಮಲದಲ್ಲೇ ಬಿದ್ದವನು. ಬುದ್ಧರು ಅವನ ಕರ್ಮ ವಿಚಾರಿಸಲಿಲ್ಲ, ನೋಡಿಕೊಳ್ಳುವವರು ಯಾರಿದ್ದಾರೆಂದು ಕೇಳಿದರು. ಯಾರೂ ಇರಲಿಲ್ಲ. ಆನಂದರು ನೀರು ತಂದರು. ಬುದ್ಧರು ನೀರು ಹೊಯ್ದರು, ಆನಂದರು ತೊಳೆದರು. ಆಮೇಲೆ ಬುದ್ಧರು ತಲೆಯ ಕಡೆ, ಆನಂದರು ಕಾಲ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು.